ಉಳಿಸಿದ ನೀರು ಎಲ್ಲಿಗೆ ಹೋಗುತ್ತದೆ?

ಬಿಸಿಲ ನಾಡುಗಳ ಬೇಸಾಯದ ಬಗ್ಗೆ ಯಾರೇ ಮಾತು ತೆಗೆದರೂ ಅದು ನೀರಿನ ಉಳಿತಾಯಕ್ಕೆ ಬಂದು ನಿಲ್ಲುತ್ತದೆ, ಉಳಿತಾಯದ ಮಾತು ಹನಿ ನೀರಾವರಿಗೆ ಬಂದು ಮುಗಿಯುತ್ತದೆ. ಹೊಲಕ್ಕೆ ಪೈಪು ಎಳೆದರೆ ಹಾಯಿಸುವ ನೀರು ಅರ್ಧಕ್ಕೆ ಇಳಿಯುತ್ತದೆ, ಉಳಿದರ್ಧ ನೆಲದಲ್ಲೋ ಹೊಳೆಯಲ್ಲೋ ಹಾಗೇ ಇರುತ್ತದೆ, ಆದ್ದರಿಂದ ರೈತನಿಗೂ ಪರಿಸರಕ್ಕೂ ಒಟ್ಟಿಗೆ ಒಳಿತಾಗುತ್ತದೆ ಎಂಬ ಲೆಕ್ಕವನ್ನು ಸರ್ಕಾರಗಳೂ ಕಂಪನಿಗಳೂ ಪರಿಸರದ ಕಾಳಜಿಯುಳ್ಳವರೂ ಒಂದೇ ದನಿಯಲ್ಲಿ ಒಪ್ಪಿಸುತ್ತಾರೆ. ಈ ಲೆಕ್ಕದ ಮೊದಲ ಭಾಗ ಬಹುಮಟ್ಟಿಗೆ ನಿಜ. ಎರಡನೆಯ ಭಾಗವನ್ನು ಅಳೆದು ನೋಡುವವರು ಮಾತ್ರ ತೀರ ಕಡಿಮೆ. ಉಳಿಯಿತೆಂದು ಹೇಳಿದ ನೀರು ಮರುವರ್ಷ ಎಲ್ಲಿದೆ, ಯಾರ ಹೊಲಕ್ಕೆ ಹರಿಯಿತು, ಸುತ್ತಲಿನ ಬಾವಿಗಳ ಮಟ್ಟ ಏರಿತೇ ಇಳಿಯಿತೇ ಎಂದು ಕೇಳದೆ ಕೊಡುವ ಯಾವ ಉಳಿತಾಯದ ಅಂಕಿಯನ್ನೂ ನಾನು ನಂಬಲಾರೆ. ಈ ಬರಹ ಆ ಪ್ರಶ್ನೆಯ ಕುರಿತದ್ದು.

ಮನುಷ್ಯರು ನದಿ, ಕೆರೆ, ಅಂತರ್ಜಲಗಳಿಂದ ಎತ್ತುವ ಸಿಹಿನೀರಿನಲ್ಲಿ ಸುಮಾರು ಶೇಕಡಾ 70ರಷ್ಟು ಬೇಸಾಯಕ್ಕೆ ಹೋಗುತ್ತದೆ. ಆದರೆ ಎತ್ತಿದ ನೀರೆಲ್ಲ ಒಂದೇ ದಾರಿ ಹಿಡಿಯುವುದಿಲ್ಲ. ಒಂದು ಪಾಲನ್ನು ಬೇರು ಹೀರಿಕೊಳ್ಳುತ್ತದೆ, ಅದು ಎಲೆಗಳ ಮೂಲಕ ಆವಿಯಾಗಿ ಗಾಳಿಗೆ ಸೇರುತ್ತದೆ. ಇನ್ನೊಂದು ಪಾಲು ಬೆಳೆಯ ನಡುವಿನ ಬರಿ ಮಣ್ಣಿನಿಂದಲೇ ಆರಿಹೋಗುತ್ತದೆ. ಮೂರನೆಯದು ಬೇರಿನ ಆಳವನ್ನೂ ದಾಟಿ ಇಂಗುತ್ತದೆ, ನಾಲ್ಕನೆಯದು ಬದು ಮೀರಿ ಕೆಳಗಿನ ಹೊಲಕ್ಕೋ ಹಳ್ಳಕ್ಕೋ ಹರಿಯುತ್ತದೆ. ಮೊದಲಿನ ಎರಡು ಪಾಲು ಆ ಪ್ರದೇಶದ ಮಟ್ಟಿಗೆ ಖರ್ಚಾದ ನೀರು, ಮತ್ತೆ ಮಳೆಯಾಗಿ ಎಲ್ಲಿ ಬೀಳುತ್ತದೆಂದು ಯಾರೂ ಹೇಳಲಾರರು. ಉಳಿದೆರಡು ಪಾಲು ಹೊಲದ ಒಡೆಯನಿಗೆ ಕೈತಪ್ಪಿದರೂ ಊರಿಗೆ ಕೈತಪ್ಪುವುದಿಲ್ಲ, ಏಕೆಂದರೆ ಇಂಗಿದ ನೀರು ಪಕ್ಕದ ಬಾವಿಗೆ ಬರುತ್ತದೆ, ಹರಿದ ನೀರು ಕೆಳಗಿನ ಕೆರೆಗೆ ಬರುತ್ತದೆ. ಹೊಲದ ಲೆಕ್ಕದಲ್ಲಿ ನಷ್ಟವೆಂದು ಬರೆದದ್ದು ಊರಿನ ಲೆಕ್ಕದಲ್ಲಿ ಎಷ್ಟೋ ಸಲ ಜಮೆಯಾಗಿರುತ್ತದೆ. ನೀರಿನ ಯೋಜನೆಗಳು ಎಡವುವುದು ಬಹುತೇಕ ಇಲ್ಲೇ.

ಈ ಖರ್ಚು ಎಷ್ಟು ದೊಡ್ಡದೆಂಬುದು ಲೀಟರಿನಲ್ಲಿ ಹೇಳಿದರೆ ಮನಸ್ಸಿಗೆ ನಾಟುತ್ತದೆ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಸುಮಾರು 4,000 ಲೀಟರು. ಬಿಸಿಲು ಜೋರಾಗಿರುವ, ಗಾಳಿ ಒಣಗಿರುವ ದಿನಗಳಲ್ಲಿ ಹಸಿರು ತುಂಬಿದ ಬೆಳೆಯೊಂದು ದಿನಕ್ಕೆ ಐದಾರು ಮಿಲಿಮೀಟರ್ ನೀರನ್ನು ಆವಿಯಾಗಿಸುತ್ತದೆ, ಅಂದರೆ ಎಕರೆಗೆ ದಿನವೊಂದಕ್ಕೆ 20,000 ಲೀಟರಿಗೂ ಮೇಲೆ. ಪೈಪಿನಲ್ಲಿ ಕೊಟ್ಟರೂ ಕಾಲುವೆಯಲ್ಲಿ ಕೊಟ್ಟರೂ ಒಂದೇ ತಳಿಯ ಬೆಳೆ ಒಂದೇ ಇಳುವರಿ ಕೊಡಬೇಕಾದರೆ ಎಲೆಗಳಿಂದ ಹೋಗುವ ಈ ಪಾಲು ಹೆಚ್ಚು ಬದಲಾಗುವುದಿಲ್ಲ. ಬೆಳೆಗೆ ಬೇಕಾದದ್ದನ್ನು ಬೆಳೆ ಕುಡಿದೇ ಕುಡಿಯುತ್ತದೆ.

ಇಸ್ರೇಲಿನ ಎಂಜಿನಿಯರ್ ಸಿಮ್ಖಾ ಬ್ಲಾಸ್ ರೂಪಿಸಿದ ಹನಿ ನೀರಾವರಿ 1960ರ ದಶಕದಲ್ಲಿ ಹೊಲಗಳಿಗೆ ಬಂದಾಗ ಅದು ನಿಜಕ್ಕೂ ದೊಡ್ಡ ಹೆಜ್ಜೆಯಾಗಿತ್ತು, ಇಂದಿಗೂ ಆಗಿದೆ. ಹಾಯಿಸಿದ ನೀರಿನಲ್ಲಿ ಬೇರಿಗೆ ದಕ್ಕುವ ಪಾಲನ್ನು ಅಂದಾಜು ಮಾಡುವಾಗ ಕಾಲುವೆಯಿಂದ ಪಾತಿಗೆ ಹಾಯಿಸುವ ಪದ್ಧತಿಗೆ ಶೇಕಡಾ 60, ತುಂತುರು ನೀರಾವರಿಗೆ 75, ಹನಿಗೆ 90 ಎಂದು ಹಿಡಿಯುವುದು ರೂಢಿ. ಈ ಅಂಕಿಗಳನ್ನು ನೋಡಿದ ತಕ್ಷಣ ಶೇಕಡಾ 30ರಷ್ಟು ನೀರು ಉಳಿಯಿತೆಂದು ಸಂತೋಷಪಡುವುದು ಸಹಜ. ಆದರೆ ಆ 30ರಲ್ಲಿ ಬರಿ ಮಣ್ಣಿನಿಂದ ಆರಿಹೋಗುತ್ತಿದ್ದ ಭಾಗ ಮಾತ್ರ ನಿಜವಾದ ಉಳಿತಾಯ, ಇಂಗುತ್ತಿದ್ದ ಭಾಗವು ಮೊದಲೂ ಊರಿನಲ್ಲೇ ಇತ್ತು. ಇದಾದ ಮೇಲೆ ನಡೆಯುವುದನ್ನು ಬಾವಿಯಿರುವ ಯಾವ ರೈತನೂ ವಿವರಿಸಬಲ್ಲ. ಒಂದು ಎಕರೆಗೆ ಸಾಲುತ್ತಿದ್ದ ಕೊಳವೆಬಾವಿ ಈಗ ಎರಡು ಎಕರೆಗೆ ಸಾಲುತ್ತದೆ, ಹಾಗಾಗಿ ಬೀಳುಬಿಟ್ಟಿದ್ದ ಮೂಲೆಯೂ ಹಸಿರಾಗುತ್ತದೆ, ಮಳೆಯಾಶ್ರಯದ ಬೆಳೆಯಿದ್ದಲ್ಲಿ ತೋಟ ಏಳುತ್ತದೆ, ವರ್ಷಕ್ಕೊಂದು ಬೆಳೆಯಿದ್ದಲ್ಲಿ ಎರಡಾಗುತ್ತದೆ. ಬಾವಿಯಿಂದ ಎತ್ತುವ ನೀರು ಮೊದಲಿನಷ್ಟೇ ಇರುತ್ತದೆ, ಆವಿಯಾಗುವುದು ಹೆಚ್ಚಾಗುತ್ತದೆ, ನೆಲಕ್ಕೆ ಹಿಂದಿರುಗುವುದು ಕಡಿಮೆಯಾಗುತ್ತದೆ. ರೈತನನ್ನು ಇದಕ್ಕಾಗಿ ದೂರುವುದು ಅನ್ಯಾಯ. ಸಾಲ ಮಾಡಿ ಪೈಪು ಹಾಕಿಸಿದವನು ಉಳಿದ ನೀರಿನಿಂದ ಆದಾಯ ತೆಗೆಯಲೇಬೇಕು, ನಾನು ಅವನ ಜಾಗದಲ್ಲಿದ್ದರೂ ಅದನ್ನೇ ಮಾಡುತ್ತಿದ್ದೆ.

ಇದು ಬರಿಯ ಊಹೆಯಲ್ಲ. 2018ರಲ್ಲಿ ಕ್ವೆಂಟಿನ್ ಗ್ರಾಫ್ಟನ್ ಮತ್ತು ಸಂಗಡಿಗರು 'ಸೈನ್ಸ್' ಪತ್ರಿಕೆಯಲ್ಲಿ ಹಲವು ದೇಶಗಳ ಅನುಭವವನ್ನು ಒಟ್ಟುಗೂಡಿಸಿ, ನೀರಾವರಿಯ ದಕ್ಷತೆ ಹೆಚ್ಚಿಸಿದ ಮಾತ್ರಕ್ಕೆ ಜಲಾನಯನದ ಮಟ್ಟದಲ್ಲಿ ನೀರು ಉಳಿಯುವುದು ವಿರಳವೆಂದೂ ಬಳಕೆ ಹೆಚ್ಚುವುದೇ ಸಾಮಾನ್ಯವೆಂದೂ ತೋರಿಸಿದರು. ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ ತುಂತುರು ಯಂತ್ರಗಳಿಗೆ ನೆಲದ ಹತ್ತಿರವೇ ನೀರು ಬಿಡುವ ನಳಿಕೆಗಳನ್ನು ಸಹಾಯಧನ ಕೊಟ್ಟು ಹಾಕಿಸಿದಾಗಲೂ ಅಂತರ್ಜಲ ಎತ್ತುವಿಕೆ ಇಳಿಯಲಿಲ್ಲ, ಏರಿತು. ಸೌರ ಪಂಪುಗಳ ವಿಚಾರದಲ್ಲಿ ನನಗಿರುವ ಅಳುಕೂ ಇದೇ. ಡೀಸೆಲ್ ಹೊಗೆ ಇಲ್ಲವಾಗುವುದು ಖಂಡಿತ ಒಳ್ಳೆಯದು, ಆದರೆ ಬಿಸಿಲಿರುವಷ್ಟು ಹೊತ್ತೂ ಖರ್ಚಿಲ್ಲದೆ ಓಡುವ ಪಂಪನ್ನು ನಿಲ್ಲಿಸಲು ಯಾವ ಕಾರಣವೂ ಉಳಿಯುವುದಿಲ್ಲ.

ಗದ್ದೆಯ ಸಂಗತಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಏಕೆಂದರೆ ನೀರು ಹೆಚ್ಚು ಬೇಡುವ ಬೆಳೆಯೆಂದು ಭತ್ತವನ್ನು ಎಲ್ಲರೂ ಬೈಯುತ್ತಾರೆ. ಫಿಲಿಪ್ಪೀನ್ಸಿನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯು ಬಳಕೆಗೆ ತಂದ ಸರಳ ಪದ್ಧತಿಯೊಂದಿದೆ. ಒಂದು ಅಡಿಯಷ್ಟು ಉದ್ದದ, ಅಂಗೈ ಅಗಲದ ಪ್ಲಾಸ್ಟಿಕ್ ಕೊಳವೆಯ ಕೆಳಗಿನ ಅರ್ಧಕ್ಕೆ ಸುತ್ತಲೂ ತೂತು ಕೊರೆದು, ಆ ಅರ್ಧವನ್ನು ಗದ್ದೆಯ ಕೆಸರಿಗೆ ಊರಿ, ಒಳಗೆ ತುಂಬಿಕೊಂಡ ಮಣ್ಣನ್ನು ಕೈಹಾಕಿ ತೆಗೆಯಬೇಕು. ಗದ್ದೆಯಲ್ಲಿ ನೀರು ನಿಂತಿದ್ದಾಗ ಕೊಳವೆಯ ಒಳಗೂ ಹೊರಗೂ ಒಂದೇ ಮಟ್ಟವಿರುತ್ತದೆ. ಮೇಲೆ ನಿಂತ ನೀರು ಆರಿ ಮಣ್ಣಿನ ಮುಖ ಬಿಗಿಯತೊಡಗಿದಾಗ ಗದ್ದೆ ಒಣಗಿತೆಂದು ಕಣ್ಣಿಗೆ ಅನಿಸುತ್ತದೆ, ಆದರೆ ಕೊಳವೆಯೊಳಗೆ ಇಣುಕಿದರೆ ನಾಲ್ಕಾರು ಬೆರಳು ಕೆಳಗೆ ನೀರು ಹೊಳೆಯುತ್ತಿರುತ್ತದೆ, ಬೇರುಗಳು ಆ ತೇವದಲ್ಲೇ ಇರುತ್ತವೆ. ಆ ಮಟ್ಟ ಮಣ್ಣಿನ ಮೇಲ್ಮೈಯಿಂದ 15 ಸೆಂಟಿಮೀಟರ್ ಕೆಳಗಿಳಿಯುವವರೆಗೆ ಕಾದು ಮತ್ತೆ ನೀರು ಕಟ್ಟಿದರೆ ಇಳುವರಿ ಕುಗ್ಗುವುದಿಲ್ಲ. ಹೂ ಬಿಡುವ ಸಮಯಕ್ಕೆ ಒಂದು ವಾರ ಮುಂಚಿನಿಂದ ಒಂದು ವಾರ ಆಚೆಯವರೆಗೆ ಮಾತ್ರ ನೀರು ನಿಂತೇ ಇರಬೇಕು, ಆಗ ಒಣಗಿಸಿದರೆ ಕಾಳು ಜೊಳ್ಳಾಗುತ್ತದೆ. ನಾಟಿಯಾದ ಮೊದಲ ದಿನಗಳಲ್ಲೂ ಕಳೆ ಏಳದಂತೆ ನೀರು ನಿಲ್ಲಿಸಿಕೊಳ್ಳುವುದು ಒಳ್ಳೆಯದು.

ಈ ಪದ್ಧತಿಯಿಂದ ಗದ್ದೆಗೆ ಕಟ್ಟುವ ನೀರು ಶೇಕಡಾ 30ರವರೆಗೆ ಕಡಿಮೆಯಾಗುತ್ತದೆ. ಹಾಗೆ ಕಡಿಮೆಯಾದದ್ದರಲ್ಲಿ ಹೆಚ್ಚಿನ ಪಾಲು ಮೊದಲು ಇಂಗುತ್ತಿದ್ದ ಮತ್ತು ಬದುವಿನಡಿ ಬಸಿಯುತ್ತಿದ್ದ ನೀರು. ಆಳದ ಬಾವಿಯಿಂದ ಎತ್ತಿ ಗದ್ದೆಗೆ ಬಿಟ್ಟು, ಅದೇ ನೀರು ಇಂಗಿ ಅದೇ ಬಾವಿಗೆ ಬರುವ ಕಡೆ ಉಳಿಯುವುದು ಮುಖ್ಯವಾಗಿ ವಿದ್ಯುತ್ತು. ಸಮುದ್ರದ ಅಂಚಿನಲ್ಲಿ, ಬಸಿದ ನೀರು ಉಪ್ಪುನೀರಿಗೆ ಸೇರಿ ಹಾಳಾಗುವ ಕಡೆ, ಅದೇ ಕೊಳವೆ ಅಪ್ಪಟ ನೀರನ್ನೇ ಉಳಿಸುತ್ತದೆ. ಎರಡೂ ಕಡೆ ಒಂದು ಲಾಭವಂತೂ ಖಚಿತ: ಸದಾ ನೀರು ನಿಂತ ಮಣ್ಣಿನಲ್ಲಿ ಆಮ್ಲಜನಕವಿಲ್ಲದೆ ಬದುಕುವ ಸೂಕ್ಷ್ಮಜೀವಿಗಳು ಮೀಥೇನ್ ಹೊರಬಿಡುತ್ತವೆ, ನಡುನಡುವೆ ಗದ್ದೆ ಒಣಗಿ ಗಾಳಿಯಾಡಿದರೆ ಅದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಹೀಗೆ ಒಂದೇ ಕೊಳವೆಯು ಒಂದೊಂದು ನೆಲದಲ್ಲಿ ಒಂದೊಂದನ್ನು ಉಳಿಸುತ್ತದೆ. ಎಲ್ಲಿ ಏನು ಉಳಿಯುತ್ತದೆಂದು ಮೊದಲೇ ಪ್ರಾಮಾಣಿಕವಾಗಿ ಹೇಳಿದರೆ ರೈತರು ಖಂಡಿತ ಕೇಳುತ್ತಾರೆ.

ಹಾಗಾದರೆ ಆವಿಯಾಗುವ ಪಾಲನ್ನೇ ಕಡಿಮೆ ಮಾಡುವ ದಾರಿಗಳಿಲ್ಲವೇ? ಇವೆ, ಮತ್ತು ಅವು ಪೈಪಿಗಿಂತ ಹಳೆಯವು. ಪೈರು ಚಿಕ್ಕದಿದ್ದು ಸಾಲುಗಳ ನಡುವೆ ಬಿಸಿಲು ನೇರವಾಗಿ ಮಣ್ಣಿಗೆ ಬೀಳುವ ವಾರಗಳಲ್ಲಿ ನೀರಿನ ಖರ್ಚಿನ ಬಹುಪಾಲು ಮಣ್ಣಿನಿಂದಲೇ ಆಗುತ್ತದೆ, ಆಗ ಹುಲ್ಲು, ತರಗು, ಬೆಳೆಯ ಕಸಗಳ ಹೊದಿಕೆ ಹಾಕಿದರೆ ಉಳಿಯುವ ನೀರು ನಿಜವಾಗಿ ಉಳಿದ ನೀರು. ಗಾಳಿಗೆ ಅಡ್ಡಲಾಗಿ ಬದುವಿನಲ್ಲಿ ಮರ ಬೆಳೆಸುವುದು, ಮಣ್ಣಿನಲ್ಲಿ ಸಾವಯವ ಅಂಶ ಹೆಚ್ಚಿಸುವುದು, ಬೇಗ ಕೊಯ್ಲಿಗೆ ಬರುವ ತಳಿಯನ್ನು ಆರಿಸುವುದು, ಇವೆಲ್ಲ ಅದೇ ಸಾಲಿನವು. ಬೆಳೆಯ ಕಾಲವನ್ನು ಬದಲಿಸುವುದೂ ದೊಡ್ಡ ಉಪಾಯ. ಪಂಜಾಬಿನಲ್ಲಿ 2009ರ ಕಾನೂನು ಜೂನ್ 10ಕ್ಕಿಂತ ಮೊದಲು ಭತ್ತದ ನಾಟಿ ಮಾಡುವುದನ್ನು ನಿಷೇಧಿಸಿದ್ದು ಬೇಸಿಗೆಯ ತೀವ್ರ ಬಿಸಿಲಿನಲ್ಲಿ ನಿಂತ ನೀರು ಆರಿಹೋಗದಿರಲಿ ಎಂಬ ಉದ್ದೇಶದಿಂದ. ಅದರ ಹಿಂದೆಯೇ ಬೇರೊಂದು ತೊಂದರೆ ಬಂತು. ನಾಟಿ ತಡವಾದ್ದರಿಂದ ಕೊಯ್ಲೂ ತಡವಾಗಿ, ಗೋಧಿ ಬಿತ್ತನೆಗೆ ಉಳಿಯುವ ದಿನಗಳು ಕಡಿಮೆಯಾಗಿ, ಗದ್ದೆಯಲ್ಲಿ ಉಳಿದ ಹುಲ್ಲನ್ನು ಸುಡುವುದು ಅಕ್ಟೋಬರ್ ಕೊನೆ ಮತ್ತು ನವೆಂಬರಿನ ಕೆಲವೇ ವಾರಗಳಿಗೆ, ಗಾಳಿ ಕದಲದ ಚಳಿಯ ಹೊತ್ತಿಗೆ, ಒತ್ತರಿಸಿಕೊಂಡಿತು. ನೀರಿನ ಕಾನೂನು ಗಾಳಿಯ ಮೇಲೆ ಪರಿಣಾಮ ಬೀರುತ್ತದೆಂದು ಮೊದಲು ಎಣಿಸಿದವರು ಕಡಿಮೆ. ಭತ್ತ ಮತ್ತು ಗೋಧಿಯ ಜೋಡಿಯನ್ನು ಹಾಗೇ ಉಳಿಸಿಕೊಂಡು ತಾರೀಖನ್ನಷ್ಟೇ ಸರಿಸಿದ್ದರಿಂದ ಹೀಗಾಯಿತೆಂದು ನನ್ನ ಅಭಿಪ್ರಾಯ.

ಉಪ್ಪಿನ ಮಾತನ್ನು ಬಿಡುವ ಹಾಗಿಲ್ಲ. ಲೀಟರಿಗೆ 500 ಮಿಲಿಗ್ರಾಂ ಲವಣ ಕರಗಿರುವ ನೀರು ಕುಡಿಯಲು ಯೋಗ್ಯವೆನಿಸುತ್ತದೆ. ಅಂಥ ಒಳ್ಳೆಯ ನೀರನ್ನೇ ಒಂದು ಬೆಳೆಗೆ 500 ಮಿಲಿಮೀಟರ್ ಕೊಟ್ಟರೂ ಒಂದು ಹೆಕ್ಟೇರಿಗೆ ಎರಡೂವರೆ ಟನ್ ಉಪ್ಪು ಬಂದು ಸೇರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಆಗುವುದಿಲ್ಲ. ಹನಿ ನೀರಾವರಿಯ ತೋಟದಲ್ಲಿ ಮಂಡಿಯೂರಿ ಡ್ರಿಪ್ಪರಿನ ಸುತ್ತ ನೋಡಿದರೆ ನಡುವಿನಲ್ಲಿ ಕಪ್ಪಗೆ ಒದ್ದೆಯಾದ ವೃತ್ತವೂ ಅದರ ಅಂಚಿನಲ್ಲಿ, ಒದ್ದೆ ಮುಗಿದು ಒಣಮಣ್ಣು ಶುರುವಾಗುವ ಗೆರೆಯಲ್ಲಿ, ತೆಳ್ಳನೆಯ ಬಿಳಿಯ ಪದರವೂ ಕಾಣುತ್ತವೆ. ಬೆರಳಿನಿಂದ ಕೆದಕಿದರೆ ಅದು ಹುಡಿಯಾಗಿ ಉದುರುತ್ತದೆ. ಒದ್ದೆಯಿರುವವರೆಗೂ ಬೇರು ಸುರಕ್ಷಿತ, ಆದರೆ ನಾಲ್ಕು ಹನಿ ಸಣ್ಣ ಮಳೆ ಬಿದ್ದರೆ ಅಂಚಿನ ಉಪ್ಪು ಕರಗಿ ಬೇರಿನ ಕಡೆಗೇ ಸರಿಯುತ್ತದೆ, ಆದ್ದರಿಂದಲೇ ಉಪ್ಪಿನ ನೆಲದಲ್ಲಿ ಸಣ್ಣ ಮಳೆ ಬರುವಾಗಲೂ ಹನಿ ನಿಲ್ಲಿಸಬಾರದೆಂದು ಬಲ್ಲವರು ಹೇಳುವುದು. ಜೋರು ಮಳೆ ಬಂದು ಉಪ್ಪನ್ನು ಬೇರಿನ ಆಚೆಗೆ ತೊಳೆದುಕೊಂಡು ಹೋಗದಿದ್ದರೆ ಆಗಾಗ ಹೆಚ್ಚುವರಿ ನೀರು ಕೊಟ್ಟು ತೊಳೆಯಲೇಬೇಕಾಗುತ್ತದೆ. ಶೇಕಡಾ 100ರ ದಕ್ಷತೆ ಬಿಸಿಲ ನಾಡಿನ ಮಣ್ಣಿಗೆ ವರವೇನಲ್ಲ.

ಪೈಪುಗಳೆಲ್ಲ ಸರಿಯಿದ್ದೂ ಪರಿಸರ ಕೈತಪ್ಪಿದ್ದಕ್ಕೆ ನನಗೆ ಮೊದಲು ನೆನಪಾಗುವುದು ಸ್ಪೇನಿನ ಆಗ್ನೇಯ ತುದಿಯ ಮಾರ್ ಮೆನೋರ್ ಹಿನ್ನೀರು. ಸುಮಾರು 135 ಚದರ ಕಿಲೋಮೀಟರ್ ವಿಸ್ತಾರದ ಈ ಉಪ್ಪುನೀರಿನ ಕೊಳದ ಹಿಂದಿರುವ ಬಯಲಿಗೆ 1979ರಿಂದ ತಾಹೋ ನದಿಯ ನೀರು ಕಾಲುವೆಯ ಮೂಲಕ ಬರತೊಡಗಿತು. ಮಳೆ ನಂಬಿದ್ದ ಹೊಲಗಳು ಯೂರೋಪಿಗೆಲ್ಲ ತರಕಾರಿ ಕಳಿಸುವ ತೋಟಗಳಾದವು. ಅಲ್ಲಿನ ನೀರಾವರಿ ಬಹುತೇಕ ಹನಿಯದ್ದೇ, ತಂತ್ರಜ್ಞಾನದಲ್ಲಿ ಯಾರಿಗೂ ಕಡಿಮೆಯಿಲ್ಲ. ಆದರೆ ವಿಸ್ತೀರ್ಣ ಬೆಳೆಯುತ್ತ ಹೋದಂತೆ ಗೊಬ್ಬರದ ನೈಟ್ರೇಟು ಅಂತರ್ಜಲಕ್ಕೆ ಇಳಿಯಿತು, ಅಂತರ್ಜಲದಿಂದಲೂ ಹಳ್ಳಗಳಿಂದಲೂ ಕೊಳಕ್ಕೆ ಸೇರಿತು. 2016ರಲ್ಲಿ ಪಾಚಿ ಹೆಚ್ಚಿ ತಿಳಿನೀರು ಹಸಿರು ರಾಡಿಯಾಯಿತು, ತಳಕ್ಕೆ ಬೆಳಕು ಇಳಿಯದೆ ಅಲ್ಲಿನ ಹುಲ್ಲುಗಾವಲು ಬಹುಪಾಲು ಸತ್ತಿತು. 2019ರ ಅಕ್ಟೋಬರಿನಲ್ಲಿ ಮತ್ತು 2021ರ ಆಗಸ್ಟಿನಲ್ಲಿ ಆಮ್ಲಜನಕ ಸಾಲದೆ ಮೀನುಗಳು ರಾಶಿರಾಶಿಯಾಗಿ ದಡಕ್ಕೆ ಬಂದು ಸತ್ತವು. ಆರು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿ ಸಂಸತ್ತಿಗೆ ಒಯ್ದ ಬೇಡಿಕೆಯ ಮೇರೆಗೆ 2022ರಲ್ಲಿ ಆ ಕೊಳಕ್ಕೆ ಕಾನೂನಿನಲ್ಲಿ ವ್ಯಕ್ತಿಯ ಸ್ಥಾನ ಸಿಕ್ಕಿತು, ಅಂದರೆ ಕೊಳದ ಪರವಾಗಿ ಯಾವ ನಾಗರಿಕನೂ ನ್ಯಾಯಾಲಯಕ್ಕೆ ಹೋಗಬಹುದು. ಇದು ದೊಡ್ಡ ಗೆಲುವೇ. ಹಾಗಿದ್ದೂ ಒಟ್ಟು ಎಷ್ಟು ಹೆಕ್ಟೇರು, ಒಟ್ಟು ಎಷ್ಟು ಗೊಬ್ಬರ ಎಂಬ ಮಿತಿಯ ಪ್ರಶ್ನೆಯನ್ನು ನಲವತ್ತು ವರ್ಷ ಮೊದಲೇ ಕೇಳಿದ್ದರೆ ಮೀನು ಸಾಯುವವರೆಗೆ ಕಾಯಬೇಕಾಗಿರಲಿಲ್ಲ ಎಂಬ ಸಂಕಟ ನನಗೆ ಹೋಗಿಲ್ಲ.

ಒಟ್ಟು ಮಿತಿಯನ್ನು ಊರೇ ಹಾಕಿಕೊಳ್ಳಬಲ್ಲದು ಎಂಬುದಕ್ಕೆ ಆಧಾರಗಳಿವೆ. ಅವಿಭಜಿತ ಆಂಧ್ರಪ್ರದೇಶದ ಏಳು ಬರಪೀಡಿತ ಜಿಲ್ಲೆಗಳಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ನಡೆದ ರೈತ ನಿರ್ವಹಣೆಯ ಅಂತರ್ಜಲ ಯೋಜನೆಯಲ್ಲಿ ರೈತರೇ, ಅವರಲ್ಲಿ ಅನೇಕ ಮಹಿಳೆಯರೇ, ಮಳೆಮಾಪಕ ನೋಡಿ ದಿನದ ಮಳೆ ಬರೆದರು, ಗೊತ್ತುಪಡಿಸಿದ ಬಾವಿಗಳಿಗೆ ಅಳತೆಯ ದಾರ ಇಳಿಬಿಟ್ಟು ಮಟ್ಟ ಬರೆದರು. ಮುಂಗಾರು ಮುಗಿದ ಮೇಲೆ, ಹಿಂಗಾರು ಬಿತ್ತನೆಗೆ ಮುನ್ನ, ಒಂದೇ ಹಳ್ಳದ ಜಲಾನಯನಕ್ಕೆ ಸೇರಿದ ಊರುಗಳವರು ಕೂತು ನೆಲದಲ್ಲಿ ಎಷ್ಟು ನೀರಿದೆ, ಎಲ್ಲರೂ ಯೋಚಿಸಿರುವ ಬೆಳೆಗಳಿಗೆ ಎಷ್ಟು ಬೇಕು ಎಂದು ಕೂಡಿ ಕಳೆದರು. ಇಂಥದ್ದನ್ನೇ ಬೆಳೆಯಬೇಕೆಂದು ಅಲ್ಲಿ ಯಾರೂ ಕಟ್ಟಳೆ ಮಾಡಲಿಲ್ಲ. ಕೊರತೆ ಕಣ್ಣೆದುರು ಬರೆದಿದ್ದಾಗ ಎಷ್ಟೋ ಮಂದಿ ತಾವಾಗಿಯೇ ಭತ್ತ ಬಿಟ್ಟು ಕಡಿಮೆ ನೀರಿನ ಬೆಳೆಗೆ ತಿರುಗಿದರು. ಮಹಾರಾಷ್ಟ್ರದ ಹಿವರೆ ಬಜಾರಿನವರು ಪೋಪಟರಾವ್ ಪವಾರರ ಮುಂದಾಳುತನದಲ್ಲಿ ಇನ್ನೂ ಬಿಗಿಯಾದ ದಾರಿ ಹಿಡಿದರು. ಬೇಸಾಯಕ್ಕೆ ಕೊಳವೆಬಾವಿ ಕೊರೆಯುವಂತಿಲ್ಲ, ಕಬ್ಬು ಮತ್ತು ಬಾಳೆ ಬೆಳೆಯುವಂತಿಲ್ಲ ಎಂದು ಊರೇ ನಿಯಮ ಮಾಡಿಕೊಂಡಿತು, ಪ್ರತಿ ವರ್ಷ ಮಳೆಯ ಲೆಕ್ಕ ಹಾಕಿ ಜನ ಮತ್ತು ದನಗಳ ಕುಡಿಯುವ ನೀರನ್ನು ಮೊದಲು ತೆಗೆದಿಟ್ಟು ಉಳಿದದ್ದನ್ನು ಬೆಳೆಗೆ ಹಂಚಿಕೊಂಡಿತು.

ಮೇಲೆ ಹೇಳಿದ ಕ್ಯಾನ್ಸಸ್‌ನಲ್ಲೇ ಶೆರಿಡನ್ ಎಂಬ ಕೌಂಟಿಯ ರೈತರು 2013ರಿಂದ ಐದು ವರ್ಷಕ್ಕೆ ಒಟ್ಟು 55 ಇಂಚು, ಅಂದರೆ ಸುಮಾರು 1,400 ಮಿಲಿಮೀಟರ್ ನೀರೆಂದು ತಾವೇ ಒಪ್ಪಂದ ಮಾಡಿಕೊಂಡು ಅದಕ್ಕೆ ಕಾನೂನಿನ ಬಲ ಪಡೆದರು. ಮಳೆ ಚೆನ್ನಾಗಿರುವ ವರ್ಷ ಕಡಿಮೆ ಎತ್ತಿ, ಬರದ ವರ್ಷಕ್ಕೆ ಉಳಿಸಿಕೊಳ್ಳುವ ಸ್ವಾತಂತ್ರ್ಯ ಅವರಿಗಿತ್ತು. ಶೇಕಡಾ 20 ಇಳಿಸಬೇಕೆಂದು ಹೊರಟವರು ಸುಮಾರು 30ರಷ್ಟು ಇಳಿಸಿದರು, ಹೆದರಿದಂತೆ ಆದಾಯ ಕುಸಿಯಲಿಲ್ಲ, ಅವಧಿ ಮುಗಿದಾಗ ಒಪ್ಪಂದವನ್ನು ಮುಂದುವರಿಸಿದರು. ನಳಿಕೆ ಬದಲಿಸಿದಾಗ ಏರಿದ್ದ ಬಳಕೆ ಮಿತಿ ಹಾಕಿಕೊಂಡಾಗ ಇಳಿದ ಈ ವ್ಯತ್ಯಾಸವನ್ನು ನಾನು ಬಹಳ ಮುಖ್ಯವೆಂದು ತಿಳಿದಿದ್ದೇನೆ. ಮಿತಿಯೊಳಗೆ ಬದುಕಬೇಕಾದ ರೈತನಿಗೆ ಹನಿ ನೀರಾವರಿ, ಹೊದಿಕೆ, ಮಣ್ಣಿನ ತೇವ ಅಳೆಯುವ ಉಪಕರಣ ಎಲ್ಲವೂ ನಿಜವಾದ ಆಸರೆಯಾಗುತ್ತವೆ. ಸಹಾಯಧನ ಕೊಡುವವರು ಪೈಪಿನ ಮೀಟರು ಎಣಿಸುವ ಜೊತೆಗೆ ಬಾವಿಯ ಮಟ್ಟವನ್ನೂ ಷರತ್ತಿನಲ್ಲಿ ಸೇರಿಸಬೇಕೆಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಇಂಥ ಸಭೆಗಳಲ್ಲಿ ಯಾರು ಕೂರಬೇಕೆಂಬುದು ಬಗೆಹರಿಯದ ವಿಷಯ. ಬಾವಿಯಿದ್ದವರನ್ನಷ್ಟೇ ಕೂರಿಸಿದರೆ ಅವರ ನಡುವಿನ ಹಂಚಿಕೆ ನ್ಯಾಯವಾಗಿಯೇ ನಡೆಯಬಹುದು, ಆದರೆ ಬಾವಿಯಿಲ್ಲದವರ, ಕುಡಿಯುವ ನೀರು ಹೊತ್ತು ತರುವ ಹೆಂಗಸರ, ಕೆಳಗಿನ ಊರಿನವರ ಪಾಲು ಲೆಕ್ಕದ ಹೊರಗೇ ಉಳಿಯುತ್ತದೆ. ಗುತ್ತಿಗೆಗೆ ಹೊಲ ಮಾಡುವವರದ್ದು ಇನ್ನೂ ಕಷ್ಟದ ಸ್ಥಿತಿ. ನೀರು ಭೂಮಿಯ ಒಡೆಯನ ಹೆಸರಿನಲ್ಲಿ ದಾಖಲಾಗುತ್ತದೆ, ಬೆಳೆ ಆರಿಸುವವನು ಗುತ್ತಿಗೆದಾರ, ಒಂದೇ ವರ್ಷದಲ್ಲಿ ಗುತ್ತಿಗೆಯ ಹಣ ಹುಟ್ಟಿಸಬೇಕಾದ ಒತ್ತಡದಲ್ಲಿ ಅವನು ಹೆಚ್ಚು ನೀರಿನ, ಹೆಚ್ಚು ಆದಾಯದ ಬೆಳೆಯನ್ನೇ ಹಾಕುತ್ತಾನೆ. ಅವನನ್ನು ಕರೆಯದೆ ತೀರ್ಮಾನಿಸಿದ ಬೆಳೆ ಯೋಜನೆ ಕಾಗದದಲ್ಲೇ ಉಳಿಯುತ್ತದೆ. ಆದ್ದರಿಂದ ಗುತ್ತಿಗೆಯ ಮಾತುಕತೆ ನಡೆಯುವ ಮುಂಚೆಯೇ ಆ ವರ್ಷದ ನೀರಿನ ಲೆಕ್ಕ ಊರಿನ ಗೋಡೆಯ ಮೇಲೆ ಬಂದಿರಬೇಕು, ಗುತ್ತಿಗೆಯ ಹಣವೂ ಆ ಲೆಕ್ಕ ನೋಡಿಯೇ ನಿಗದಿಯಾಗಬೇಕು.